ಮನೆ ಕಟ್ಟುವ ಮೊದಲು: ಬೀದಿ ಮಕ್ಕಳ, ಎಳೆಯ ತಾಯಂದಿರ ಸೇವೆಗೆ ಹೊರಟ ಕ್ರೈಸ್ತ ಸಭೆಗಳಿಗೆ

ಬೀದಿ ಮಕ್ಕಳಿಗಾಗಿ ಏನಾದರೂ ಮಾಡೋಣ ಎಂದು ಮೈಸೂರಿನ ಯಾವ ಚರ್ಚಿನಲ್ಲಿ ಮಾತೆತ್ತಿದರೂ ಮೊದಲು ಬರುವುದು ಮನೆಯ ವಿಚಾರ. ಒಂದು ಮನೆ ಬಾಡಿಗೆಗೆ ಹಿಡಿಯೋಣ, ಹತ್ತು ಮಂಚ ಹಾಕೋಣ, ಇಬ್ಬರು ಸಿಸ್ಟರ್ ನೋಡಿಕೊಳ್ಳಲಿ. ಮನಸ್ಸು ಒಳ್ಳೆಯದು, ಆದರೆ ಶುರು ಮಾಡಬೇಕಾದದ್ದು ಅಲ್ಲಿಂದ ಅಲ್ಲ. 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಮಕ್ಕಳನ್ನು ಇರಿಸಿಕೊಳ್ಳುವ ಪ್ರತಿ ಮನೆಯೂ ನೋಂದಣಿಯಾಗಬೇಕು. ಆಗದಿದ್ದರೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಕಾನೂನಿನ ಭಯ ಒಂದು ಕಡೆಗಿರಲಿ. ನೋಂದಣಿಯಿಲ್ಲದ ಮನೆಯೊಳಗೆ ಮಗುವಿಗೆ ಏನಾದರೂ ಆದರೆ ಹೊರಗಿನವರು ಬಂದು ಕೇಳುವ ದಾರಿಯೇ ಇರುವುದಿಲ್ಲ. ಬಹುಪಾಲು ಸಭೆಗಳಿಗೆ ಹಗಲಿನ ಕೆಲಸವೇ ಬೇಕಾದಷ್ಟಿದೆ: ಊಟ, ಸ್ನಾನ, ಗಾಯಕ್ಕೆ ಮದ್ದು, ಆಸ್ಪತ್ರೆಗೆ ಜೊತೆ, ಓದು.

ರೈಲು ನಿಲ್ದಾಣ, ಗ್ರಾಮಾಂತರ ಬಸ್ ನಿಲ್ದಾಣ, ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಸಿಗುವ ಹುಡುಗರ ವಿಷಯದಲ್ಲಿ ದಿನ, ಜಾಗ, ಹೊತ್ತು ಬದಲಾಗಬಾರದು. ಗುರುವಾರ ಸಂಜೆ ಐದಕ್ಕೆ ಎಂದರೆ ಮಳೆ ಬಂದರೂ ಗುರುವಾರ ಸಂಜೆ ಐದಕ್ಕೇ. ಕೈಗೆ ದುಡ್ಡು ಕೊಡಬೇಡಿ, ಅದು ರಾತ್ರಿಯೊಳಗೆ ದೊಡ್ಡ ಹುಡುಗರ ಪಾಲಾಗುತ್ತದೆ. ಪೊಟ್ಟಣ ಕಟ್ಟಿಕೊಡುವುದಕ್ಕಿಂತ ಕೂರಿಸಿ ಬಡಿಸುವುದು ಮೇಲು, ಉಣ್ಣುವಾಗಲೇ ಮಾತು ಬಿಚ್ಚುತ್ತದೆ. ಕಜ್ಜಿಗೆ 5 ಶೇಕಡಾ ಪರ್ಮೆಥ್ರಿನ್ ಮುಲಾಮು ಕತ್ತಿನಿಂದ ಪಾದದವರೆಗೆ, ಬೆರಳ ಸಂದಿಗೂ ಬಿಡದಂತೆ ರಾತ್ರಿ ಹಚ್ಚಿ ಬೆಳಿಗ್ಗೆ ಸ್ನಾನ, ಒಂದು ವಾರ ಬಿಟ್ಟು ಮತ್ತೊಮ್ಮೆ. ಒಟ್ಟಿಗೆ ಮಲಗುವವರೆಲ್ಲರಿಗೂ ಅದೇ ದಿನ ಹಚ್ಚದೆ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯದೆ ಹೋದರೆ ಕಜ್ಜಿ ಮತ್ತೆ ಬರುತ್ತದೆ. ಆಮೇಲೆ ಮದ್ದು ಕೆಲಸ ಮಾಡಲಿಲ್ಲ ಎಂಬ ದೂರು ಬರುವುದು ಈ ಕಾರಣಕ್ಕೇ.

ಅಮಲಿಗಾಗಿ ಪಂಕ್ಚರ್ ಸೊಲ್ಯೂಷನ್ ಮೂಸುತ್ತಿರುವ ಹುಡುಗನನ್ನು ಗದರಿಸಬೇಡಿ, ಅಟ್ಟಿಸಿಕೊಂಡು ಹೋಗಬೇಡಿ, ಮೂಸುವ ಬಟ್ಟೆಯನ್ನು ಕೈಯಿಂದ ಕಿತ್ತುಕೊಳ್ಳಬೇಡಿ. ಆ ದ್ರಾವಣಗಳು ಹೃದಯದ ಬಡಿತವನ್ನು ಎಷ್ಟು ಸೂಕ್ಷ್ಮ ಮಾಡಿರುತ್ತವೆಂದರೆ, ಬೆದರಿ ಓಡಿದರೆ ಬಡಿತ ತಪ್ಪಿ ಅಲ್ಲೇ ಪ್ರಾಣ ಹೋಗಬಹುದು. ಗಾಳಿ ಆಡುವ ಕಡೆ ಮೆಲ್ಲಗೆ ಕರೆದು ಕೂರಿಸಿ. ಮಂಪರಾದರೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಬುದ್ಧಿಮಾತು ಮರುದಿನಕ್ಕಿರಲಿ.

ಗರ್ಭಿಣಿಯಾದ ಹುಡುಗಿ ಗೇಟಿನ ಮುಂದೆ ನಿಂತಾಗ ಸಭೆಗಳು ಹೆಚ್ಚು ಎಡವುತ್ತವೆ. ಹದಿನೈದು, ಹದಿನಾರರ ಹುಡುಗಿ. ಜೊತೆಗೆ ಅಳುತ್ತಿರುವ ತಾಯಿ. 'ಹೆರಿಗೆ ಆಗೋವರೆಗೆ ಇಟ್ಕೊಳ್ಳಿ ಸಿಸ್ಟರ್, ಊರಿಗೆ ಗೊತ್ತಾಗಬಾರದು' ಅನ್ನುತ್ತಾರೆ. ಕರುಣೆಯಿಂದ ಒಪ್ಪಿಕೊಳ್ಳುವುದು ಸುಲಭ. ಒಪ್ಪಬೇಡಿ. ಹುಡುಗಿಯ ಹೆಸರನ್ನು ಕಾಪಾಡಲೇಬೇಕು, ಅವಳಿಗೆ ಆದದ್ದನ್ನು ಮುಚ್ಚಬಾರದು. 18 ವರ್ಷದೊಳಗಿನ ಹುಡುಗಿ ಗರ್ಭಿಣಿ ಎಂದರೆ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆಯ, ಪ್ರಕರಣ, ಹುಡುಗನನ್ನು ಅವಳು ಪ್ರೀತಿಸಿದ್ದರೂ. ಅದರ 19ನೇ ಸೆಕ್ಷನ್ ಪ್ರಕಾರ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಫಾದರ್, ಪಾಸ್ಟರ್, ಸಿಸ್ಟರ್ ಎಂಬ ವಿನಾಯಿತಿ ಕಾಯ್ದೆಯಲ್ಲಿ ಬರೆದಿಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ದಂಡ, ಅಥವಾ ಎರಡೂ. ಹದಿನಾರರಲ್ಲೇ ಮದುವೆ ಮಾಡಿಸಿ ಮುಗಿಸೋಣ ಎಂಬುದೂ ನಡೆಯದು. ಕರ್ನಾಟಕದ ತಿದ್ದುಪಡಿಯಿಂದ ಬಾಲ್ಯವಿವಾಹ ನಮ್ಮಲ್ಲಿ ಮೊದಲಿನಿಂದಲೇ ಅಸಿಂಧು.

ಹಾಗಾಗಿ ಅವಳು ಬಾಯಿ ಬಿಡುವ ಮೊದಲೇ 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ. 'ಕೆಲವರಿಗೆ ಹೇಳಲೇಬೇಕಾಗುತ್ತೆ ಕಣಮ್ಮ, ಯಾರಿಗೆ ಅಂತ ನಿಂಗೆ ಮೊದಲು ಹೇಳ್ತೀನಿ, ಎಲ್ಲಾ ಕಡೆ ಜೊತೆಗೆ ಬರ್ತೀನಿ' ಅನ್ನಿ, ಅಂದ ಹಾಗೆ ನಡೆದುಕೊಳ್ಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆರೈಕೆ ಬೇಕಿರುವ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಕೂರದ ದಿನ ಒಬ್ಬ ಸದಸ್ಯರ ಮುಂದಾದರೂ ಆಗುತ್ತದೆ. ಹುಡುಗಿಯ ಹೇಳಿಕೆಯನ್ನು ಅವಳ ಮನೆಯಲ್ಲೋ ಅವಳು ಬಯಸಿದ ಕಡೆಯೋ ಸಮವಸ್ತ್ರ ಹಾಕದ ಪೊಲೀಸರು ಬರೆದುಕೊಳ್ಳಬೇಕು, ಆದಷ್ಟೂ ಮಹಿಳಾ ಎಸ್‌ಐ. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಇದನ್ನೆಲ್ಲ ಠಾಣೆಯಲ್ಲಿ ಸಮಾಧಾನವಾಗಿ ನೆನಪಿಸಲು ಜೊತೆಯಲ್ಲೊಬ್ಬರು ಬೇಕು. ಪೋಕ್ಸೊ ನಿಯಮಗಳಲ್ಲಿ 'ಬೆಂಬಲ ವ್ಯಕ್ತಿ' ಎಂಬ ಸ್ಥಾನವೇ ಇದೆ, ಸಮಿತಿಯೇ ನೇಮಿಸುತ್ತದೆ. ಸಭೆಯಲ್ಲಿ ತರಬೇತಾದ ಸಮಾಜಕಾರ್ಯಕರ್ತೆ ಇದ್ದರೆ ಹೆಸರು ಕೊಟ್ಟಿಡಿ. ಊಟ, ಬಟ್ಟೆ, ಓಡಾಟದ ಖರ್ಚಿಗೆ ತುರ್ತು ನೆರವು ಕೊಡಿಸಲು ಸಮಿತಿ ಶಿಫಾರಸು ಮಾಡಬಹುದು. 2020ರ ನಿಯಮದ ಪ್ರಕಾರ ಆ ಹಣ ಶಿಫಾರಸು ಸೇರಿದ ಒಂದು ವಾರದೊಳಗೆ ಬರಬೇಕು. ಕೇಳದಿದ್ದರೆ ಬರುವುದಿಲ್ಲ, ಕೇಳಿ.

ಚೆಲುವಾಂಬ ಆಸ್ಪತ್ರೆಯಲ್ಲಾಗಲಿ ಮಂಡ್ಯದ ಮಿಮ್ಸ್‌ನಲ್ಲಾಗಲಿ ದಾಖಲಿಸುವಾಗ ಮರ್ಯಾದೆಗೆಂದು ವಯಸ್ಸು 19 ಎಂದೂ, ಯಾರದೋ ಹೆಸರನ್ನು ಗಂಡನೆಂದೂ ಬರೆಸಬೇಡಿ. ವೈದ್ಯರು ಅವಳನ್ನು ದೊಡ್ಡವಳೆಂದು ತಿಳಿದು ಚಿಕಿತ್ಸೆ ಕೊಡುತ್ತಾರೆ, ಹದಿಹರೆಯದ ಬಸುರಿಯ ಅಪಾಯವೇ ಬೇರೆ. ಮುಂದೆ ಶಾಲೆಯ ದಾಖಲೆ, ಆಸ್ಪತ್ರೆಯ ದಾಖಲೆ ಒಂದಕ್ಕೊಂದು ಕೂಡುವುದಿಲ್ಲ. ನ್ಯಾಯಾಲಯದಲ್ಲಿ ಎದುರಿನ ವಕೀಲರು ಹಿಡಿಯುವುದು ಅದನ್ನೇ. ವಯಸ್ಸಿಗೆ ಶಾಲೆಯ ಪ್ರಮಾಣಪತ್ರ ಮೊದಲು, ಆಮೇಲೆ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ.

ತಿಂಗಳ ಲೆಕ್ಕ ಅವಳಿಗೆ ಸರಿಯಾಗಿ ಗೊತ್ತಿರುವುದಿಲ್ಲ, ಆದ್ದರಿಂದ ಸ್ಕ್ಯಾನ್ ಮೊದಲ ದಿನಗಳಲ್ಲೇ ಆಗಲಿ. ಗರ್ಭಪಾತದ ಬಗ್ಗೆ ನಮ್ಮ ಸಭೆಗಳ ನಿಲುವು ಎಲ್ಲರಿಗೂ ತಿಳಿದದ್ದೇ. ಆದರೂ 2021ರ ತಿದ್ದುಪಡಿಯ ನಂತರ ಅಪ್ರಾಪ್ತೆಗೆ 24 ವಾರದವರೆಗೆ ಕಾನೂನಿನಲ್ಲಿ ಅವಕಾಶವಿದೆ. 20 ದಾಟಿದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಪೋಷಕರ ಲಿಖಿತ ಒಪ್ಪಿಗೆ ಎಷ್ಟೇ ವಾರವಾಗಿದ್ದರೂ ಬೇಕು. ಇದನ್ನು ವೈದ್ಯರ ಬಾಯಿಂದ ಕೇಳುವ ಹಕ್ಕು ಅವಳದು. ವಾರಗಳು ಕಳೆದುಹೋಗಲಿ ಎಂದು ಆಸ್ಪತ್ರೆಗೆ ಕರೆದೊಯ್ಯದೆ ದಿನ ದೂಡುವುದು ವಂಚನೆ. ಅದನ್ನು ದೇವರ ಹೆಸರಿನಲ್ಲಿ ಮಾಡಬಾರದು.

ಮಗುವನ್ನು ಉಳಿಸಿಕೊಳ್ಳುವವಳಿಗೆ ರಕ್ತಹೀನತೆಯೇ ಮೊದಲ ಶತ್ರು. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ನುಂಗಿ ರೂಢಿಯಾದವಳು ಗರ್ಭಿಣಿಯಾದ ಮೇಲೂ ವಾರಕ್ಕೊಂದೇ ನುಂಗುತ್ತಾಳೆ. ಈಗ ಬೇಕಾದದ್ದು ಕೆಂಪು ಮಾತ್ರೆ, ದಿನಕ್ಕೊಂದು, ಕನಿಷ್ಠ 180 ದಿನ. ಹೆರಿಗೆಯ ನಂತರ ಇನ್ನೂ 180. ಕಾಫಿ, ಟೀ ಜೊತೆಗೆ ಬೇಡ, ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಮುದ್ದೆ, ಸೊಪ್ಪಿನ ಬಸ್ಸಾರಿಗೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ತಲೆನೋವು, ಕಣ್ಣು ಮಂಜು, ಮುಖ ಊದಿಕೊಳ್ಳುವುದು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ, ಬಿಪಿ ಏರಿ ಫಿಟ್ಸ್ ಬರುವ ಅಪಾಯ ಈ ವಯಸ್ಸಿನವರಿಗೆ ಹೆಚ್ಚು. ಬಾಣಂತಿಗೆ ನೀರು ಕಡಿಮೆ, ಬರೀ ಮೆಣಸಿನ ಸಾರು ಎಂಬ ಹಳ್ಳಿಯ ಪಥ್ಯ ಬೇಡ. ಅವಳೇ ಇನ್ನೂ ಬೆಳೆಯುತ್ತಿರುವ ಹುಡುಗಿ. ಮೊಟ್ಟೆ, ಕಾಳು, ಹಾಲು ಬೇಕು, ನೀರು ಕೇಳಿದಷ್ಟು ಕೊಡಿ.

ಮಗುವನ್ನು ಸಾಕಲಾಗದು ಎಂದಳೆ? ಸಭೆಯಲ್ಲೇ ಮಕ್ಕಳಿಲ್ಲದ ದಂಪತಿ ಇದ್ದಾರೆ ಎಂದು ಕೈಯಿಂದ ಕೈಗೆ ದಾಟಿಸುವುದು ಅಪರಾಧ. ಒಪ್ಪಿಸುವುದು ಸಮಿತಿಯ ಮುಂದೆಯೇ ಆಗಬೇಕು. ಮನಸ್ಸು ಬದಲಾದರೆ ಮಗುವನ್ನು ಮರಳಿ ಪಡೆಯಲು ಅವಳಿಗೆ ಎರಡು ತಿಂಗಳ ಅವಕಾಶವಿದೆ. ಆ ಎರಡು ತಿಂಗಳಲ್ಲಿ ಯಾವ ಕಡೆಗೂ ಒತ್ತಾಯ ಬೇಡ, ಜ್ಞಾನಸ್ನಾನದ ಮಾತಂತೂ ಬೇಡವೇ ಬೇಡ. ಊಟಕ್ಕೂ ಹಾಸಿಗೆಗೂ ಪ್ರಾರ್ಥನೆ ಬೆಲೆಯಾಗಬಾರದು. ಕ್ರಿಸ್ತ ಕುಷ್ಠರೋಗಿಗಳನ್ನು ಮುಟ್ಟಿ ಗುಣಪಡಿಸಿದ್ದು ಅವರ ಜಾತಿ ಮತ ಕೇಳಿ ಅಲ್ಲ.

ಮಗುವನ್ನು ತಾನೇ ಇಟ್ಟುಕೊಳ್ಳುವುದಾದರೆ 21 ದಿನದೊಳಗೆ ಜನನ ನೋಂದಣಿಗೆ ಶುಲ್ಕವಿಲ್ಲ. ತಂದೆಯ ಹೆಸರಿಲ್ಲ ಎಂದು ಕಚೇರಿಯಲ್ಲಿ ತಡೆದರೆ 2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಹೇಳಿ: ಅವಿವಾಹಿತ ತಾಯಿ ಅರ್ಜಿ ಕೊಟ್ಟರೆ ಅಫಿಡವಿಟ್ ಅಷ್ಟೇ ಕೇಳಬಹುದು. ಆ ಪ್ರಕರಣದ ತಾಯಿ ಕ್ರೈಸ್ತಳು. ತೀರ್ಪಿನ ಪ್ರತಿ ಫೈಲಿನಲ್ಲಿರಲಿ.

ಓದು ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಮುಂದುವರಿಸಬಹುದು, ಸೆಕೆಂಡರಿಗೆ 14 ತುಂಬಿದ್ದರೆ ಸಾಕು. ಶುಲ್ಕ, ಪುಸ್ತಕಕ್ಕೆ ದಾನಿಗಳು ಸಿಗುತ್ತಾರೆ. ಸಿಗದಿರುವುದು ಮಗು ನೋಡಿಕೊಳ್ಳುವವರು, ಹುಡುಗಿಯರು ಓದು ಬಿಡುವುದೂ ಅದರಿಂದಲೇ. ಪಾಠ ನಡೆಯುವ ಕಟ್ಟಡದಲ್ಲೇ ತೊಟ್ಟಿಲಿರಲಿ, ಎರಡು ಗಂಟೆಗೊಮ್ಮೆ ಹಾಲೂಡಿಸಲು ಬಿಡುವಿರಲಿ. ಪರೀಕ್ಷೆಯ ದಿನಗಳಿಗೆ ಯಾರು ಮಗುವನ್ನು ಎತ್ತಿಕೊಂಡಿರುತ್ತಾರೆ ಎಂದು ಒಂದು ತಿಂಗಳ ಮೊದಲೇ ಸಭೆಯ ಇಬ್ಬರು ಹೆಂಗಸರ ಹೆಸರು ಬರೆದಿಡಿ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಬೇಕಾಗುತ್ತದೆ.