ಬ್ಯಾಡಗಿಯ ಕೆಂಪು, ಅಜ್ಜಿಯ ಸೆರಗು

ನಮ್ಮ ಕಡೆ ಹೊಸಬರು ಎದುರಾದರೆ ಮೊದಲು ಕೇಳುವುದು 'ಯಾವೂರು, ಯಾರ ಪೈಕಿ?' ಎಂದು. ಧಾರವಾಡದಲ್ಲಿ ಚಿತ್ರಕಲೆ ಕಲಿಯುವಾಗ ನನ್ನನ್ನೇ ಚಿತ್ರಿಸಿಕೊಳ್ಳಬೇಕಾಗಿ ಬಂದಾಗಲೆಲ್ಲ ಕನ್ನಡಿಯ ಮುಂದೆ ಕುಳಿತು ಮುಖ ಬರೆಯುತ್ತಿದ್ದೆ. ಹೋಲಿಕೆ ಚೆನ್ನಾಗಿಯೇ ಬರುತ್ತಿತ್ತು, ಆದರೆ ಆ ಪ್ರಶ್ನೆಗೆ ಉತ್ತರ ಅದರಲ್ಲಿ ಇರುತ್ತಿರಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಯಿಂದ ನಮ್ಮನ್ನು ಓದಿಸಿದ ಅವ್ವನ ಮಗಳು ನಾನು ಎಂಬುದು ಕಣ್ಣು ಮೂಗುಗಳಲ್ಲಿ ಎಲ್ಲಿ ಕಾಣಬೇಕು?

ಬಣ್ಣದ ಜೊತೆ ಬಟ್ಟೆ, ಚೀಲದಂಥ ವಸ್ತುಗಳನ್ನೂ ಬಳಸುವ ಮಿಶ್ರಮಾಧ್ಯಮದತ್ತ ನನ್ನನ್ನು ಎಳೆದದ್ದು ಇಟಲಿಯ ಆಲ್ಬರ್ತೊ ಬುರ್ರಿಯ ಚಿತ್ರಗಳು. ವೈದ್ಯನಾಗಿದ್ದ ಆತ ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕು, ಅಮೆರಿಕದ ಟೆಕ್ಸಾಸಿನ ಶಿಬಿರದಲ್ಲಿದ್ದಾಗ ಚಿತ್ರ ಬರೆಯಲು ತೊಡಗಿ, 1950ರ ದಶಕದ ಆರಂಭದಲ್ಲಿ ಹರಕು ಗೋಣಿಚೀಲಗಳನ್ನೇ ಹೊಲಿದು ಚೌಕಟ್ಟಿಗೇರಿಸಿದ. ಅವುಗಳ ಛಾಯಾಚಿತ್ರ ನೋಡಿದಾಗ, ನಮ್ಮ ಮನೆಯ ಮೂಲೆಯಲ್ಲಿ ಮಡಚಿಟ್ಟ ಚೀಲಗಳಿಗೂ ಚಿತ್ರವಾಗುವ ಹಕ್ಕಿದೆ ಎಂದು ನನಗೆ ಬಲವಾಗಿ ಅನ್ನಿಸಿತು.

ಅವ್ವ ನನ್ನ ಬಾಡಿಗೆ ಕೋಣೆಗೆ ಬಂದಿದ್ದ ಒಂದು ಭಾನುವಾರ ಆ ಕೆಲಸಕ್ಕೆ ಕೈಹಾಕಿದೆ. ಪ್ಲೈವುಡ್ ಹಲಗೆಗೆ ನೀರು ಬೆರೆಸಿದ ಫೆವಿಕಾಲ್ ಬಳಿದು, ಮೆಣಸಿನಕಾಯಿ ತುಂಬಿದ್ದ ಹಳೆಯ ಚೀಲವನ್ನು ಬಿಗಿಯಾಗಿ ಎಳೆದು ಅಂಟಿಸಿ, ಹರಿದ ಕಡೆ ದಬ್ಬಣ ಸುತಳಿಯಿಂದ ಹೊಲಿದೆ. ಅಕ್ರಿಲಿಕ್‌ನ ಕಂದು, ಕಪ್ಪುಗಳು ಒಣಗಿದ ಮೇಲೆ ಉಳಿದದ್ದು ಕೆಂಪು. ಅದು ಟ್ಯೂಬಿನಿಂದ ಬರಬಾರದು, ಕಾಯಿಯಿಂದಲೇ ಬರಬೇಕೆಂಬುದು ನನ್ನ ಹಟ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಗಟ್ಟಿ ಸಾರಕ್ಕೆ ಬೇಡಿಕೆ ಇರುವುದೂ ಆ ಬಣ್ಣಕ್ಕಾಗಿಯೇ. ಆದರೆ ಪುಡಿಯನ್ನು ನೀರಿನಂಶದ ಅಂಟಿನಲ್ಲಿ ಎಷ್ಟು ಕಲಸಿದರೂ ಅದು ಹರಳು ಹರಳಾಗಿ ನಿಂತಿತೇ ಹೊರತು ಹರಡಲಿಲ್ಲ. ಅಕ್ಕಿ ಆರಿಸುತ್ತಿದ್ದ ಅವ್ವ ತಲೆಯೆತ್ತಿ, "ಕಾಯಿ ಬಣ್ಣ ನೀರಿಗೆ ಬಿಡೂದಿಲ್ಲವಾ, ಎಣ್ಣಿಗೆ ಬಿಡ್ತೈತಿ. ಒಗ್ಗರಣಿ ಹಾಕಿದಾಗ ನೋಡಿಲ್ಲೇನು?" ಎಂದಳು.

ಅಗಸೆ ಎಣ್ಣೆಯನ್ನು ಬೆಚ್ಚಗೆ ಮಾಡಿ ಪುಡಿ ನೆನೆಹಾಕಿದೆ. ಘಾಟಿಗೆ ಇಬ್ಬರೂ ಕೆಮ್ಮಿದೆವು. ಸೋಸಿದ ಎಣ್ಣೆಯಲ್ಲಿ ಇಳಿದಿದ್ದ ಕೆಂಪು, ಕಳೆದ ವರ್ಷಗಳಲ್ಲಿ ಅವ್ವನ ಬೆರಳ ಸಂದಿಯಲ್ಲಿ ನಾನು ನೋಡುತ್ತ ಬಂದಿದ್ದ ಅದೇ ಕೆಂಪಾಗಿತ್ತು. ಎಣ್ಣೆಯ ಮೇಲೆ ಅಕ್ರಿಲಿಕ್ ಹಿಡಿಯುವುದಿಲ್ಲವಾದ್ದರಿಂದ ಅದನ್ನು ಕೊನೆಯಲ್ಲಿ, ಚೀಲದ ಮೇಲರ್ಧಕ್ಕೆ ತೆಳುವಾಗಿ ಸವರಿದೆ.

ಅಜ್ಜಿಯ ಇಳಕಲ್ ಸೀರೆಯ ಸೆರಗಿನ ತುಂಡೊಂದು ನನ್ನಲ್ಲಿತ್ತು. ಅದರ ಮೇಲಿನ ಗೋಪುರದ ಕಸೂತಿಯನ್ನು ಆಕೆ ಯಾವ ಗೆರೆಯನ್ನೂ ಮೊದಲು ಬರೆದುಕೊಳ್ಳದೆ, ಬಟ್ಟೆಯ ಎಳೆ ಎಣಿಸಿ ಹಾಕಿದ್ದಳು. ಗವಂತಿ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗ ತುಂಬುವುದರಿಂದ, ಗಂಟಿಲ್ಲದೆ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆ. ಅಂಟಿಸಿದರೆ ಒಂದು ಬದಿ ಶಾಶ್ವತವಾಗಿ ಮುಚ್ಚಿಹೋಗುತ್ತದೆಂದು, ಬಣ್ಣ ಒಣಗಿದ ಮೇಲೆ ಮೇಲಂಚನ್ನಷ್ಟೇ ಚೀಲಕ್ಕೆ ಹೊಲಿದು ಉಳಿದದ್ದನ್ನು ಇಳಿಬಿಟ್ಟೆ. ನೋಡುವವರು ಕೈಯಿಂದ ಎತ್ತಿ ನೋಡಲೇಬೇಕಾದ ಚಿತ್ರವಿದು. ಮುಟ್ಟಬೇಡಿ ಎಂಬ ಚೀಟಿ ನನಗೆ ಬೇಡ.

ಮುಖವಿಲ್ಲದ ಆ ಹಲಗೆಯನ್ನು ಅಮೂರ್ತ ಚಿತ್ರ ಎನ್ನುತ್ತಾರೆ, ಸರಿಯೇ. ನನ್ನ ಮಟ್ಟಿಗೆ ಅದು ನಾನು ಬರೆದ ಅತ್ಯಂತ ಸ್ಪಷ್ಟವಾದ ಸ್ವಂತ ಚಿತ್ರ, ಏಕೆಂದರೆ ಯಾರ ಪೈಕಿ ಎಂಬುದಕ್ಕೆ ಅದರ ಒಂದೊಂದು ವಸ್ತುವೂ ಉತ್ತರ ಕೊಡುತ್ತದೆ.

ಮೆಣಸಿನಕಾಯಿಯ ಬಣ್ಣ ಬೆಳಕಿಗೆ ಮಾಸುತ್ತದೆ. ಕಿಟಕಿಯ ಎದುರಿನ ಗೋಡೆಯಲ್ಲಿ ಮೇಲರ್ಧ ಈಗಾಗಲೇ ಕಿತ್ತಳೆಗೆ ತಿರುಗಿದೆ. ಸೆರಗಿನ ಕೆಳಗೆ, ಬೆಳಕು ತಾಗದ ಕಡೆ, ಮೊದಲಿನ ಕೆಂಪೇ ಇದೆ. ಇನ್ನೊಂದು ಹಲಗೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆಗಳಾದ ಡಬ್ಬಿ ಕಾಯಿ, ಕಡ್ಡಿ ಕಾಯಿ ಎರಡರ ಬಣ್ಣವನ್ನೂ ಅಕ್ಕಪಕ್ಕ ಹಚ್ಚಿ ಯಾವುದು ಹೆಚ್ಚು ಕಾಲ ನಿಲ್ಲುತ್ತದೆಂದು ನೋಡುವ ಆಸೆಯಿದೆ. ಎರಡನ್ನೂ ಬೇರೆ ಬೇರೆ ಕಟ್ಟಿ ಕೊಡುವುದಾಗಿ ಅವ್ವ ಹೇಳಿದ್ದಾಳೆ.