ಓದುತ್ತಿರುವ ಪುಸ್ತಕಗಳ ದಾಖಲೆ: ಇಲ್ಲಿಯವರೆಗಿನ ಪ್ರಗತಿ

ಓದಿ ಮುಗಿಸಿದ ಪುಸ್ತಕಗಳ ಪಟ್ಟಿ ಇಡುವವರು ಅನೇಕರಿದ್ದಾರೆ. ನಮ್ಮ ಚಿಕ್ಕ ಓದುಗರ ಬಳಗ ಕೈಗೆತ್ತಿಕೊಂಡಿರುವುದು ಅದಕ್ಕಿಂತ ಸ್ವಲ್ಪ ಬೇರೆಯಾದ ಕೆಲಸ. ಪ್ರತಿಯೊಬ್ಬರೂ ಸದ್ಯ ಓದುತ್ತಿರುವ, ಇನ್ನೂ ಮುಗಿಯದ ಪುಸ್ತಕದ ಬಗ್ಗೆ ಒಂದೇ ದಾಖಲೆಯಲ್ಲಿ ಆಗಾಗ ಬರೆಯುತ್ತಾರೆ. ಪುಸ್ತಕದ ಹೆಸರು, ಎಲ್ಲಿಯವರೆಗೆ ಬಂದಿದ್ದೇವೆ, ಅಲ್ಲಿ ಕಣ್ಣಿಗೆ ಬಿದ್ದ ಒಂದು ಸಂಗತಿ, ಮನಸ್ಸಿನಲ್ಲಿ ಉಳಿದ ಒಂದು ಪ್ರಶ್ನೆ, ಇಷ್ಟು ಮಾತ್ರ. ವಿಮರ್ಶೆ ಬೇಡ, ನಕ್ಷತ್ರಗಳ ಅಂಕವೂ ಬೇಡ ಎಂದು ಆರಂಭದಲ್ಲಿಯೇ ನಿಶ್ಚಯಿಸಿಕೊಂಡೆವು. ದಾಖಲೆ ಈಗ ಹಿಂತಿರುಗಿ ನೋಡುವಷ್ಟು ಬೆಳೆದಿರುವುದರಿಂದ, ಅದು ಯಾವ ರೂಪ ಪಡೆದಿದೆ ಎಂಬುದನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ಇತ್ಯರ್ಥವಾಗಬೇಕಾದದ್ದು ಓದಿನ ಅಳತೆಯ ಪ್ರಶ್ನೆ. ಪುಟಸಂಖ್ಯೆ ಎಲ್ಲರಿಗೂ ಸುಲಭವಾಗಿ ಹೊಳೆಯುವ ಅಳತೆಯಾದರೂ ಹಂಚಿಕೊಳ್ಳುವ ದಾಖಲೆಯಲ್ಲಿ ಅದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಒಂದೇ ಕೃತಿಯ ಎರಡು ಮುದ್ರಣಗಳಲ್ಲಿ ಅಕ್ಷರದ ಗಾತ್ರ ಬದಲಾದರೆ ಪುಟಗಳೂ ಬದಲಾಗುತ್ತವೆ. ಇ-ಪುಸ್ತಕದಲ್ಲಿ ಓದುವವರು ಅಕ್ಷರವನ್ನು ತಮಗೆ ಬೇಕಾದಂತೆ ದೊಡ್ಡದು ಮಾಡಿಕೊಳ್ಳುವುದರಿಂದ ಅಲ್ಲಿ ಪುಟಕ್ಕೆ ಅರ್ಥವೇ ಉಳಿಯುವುದಿಲ್ಲ. ಆಡಿಯೋ ಪುಸ್ತಕ ಕೇಳುವವರ ಕೈಯಲ್ಲಿ ಇರುವುದು ಗಂಟೆ ಮತ್ತು ನಿಮಿಷ ಮಾತ್ರ. ಹೀಗಾಗಿ ಕೃತಿಯೊಳಗಿನ ವಿಭಾಗವನ್ನೇ ಅಳತೆಯಾಗಿ ಇಟ್ಟುಕೊಂಡಿದ್ದೇವೆ: ಕಾದಂಬರಿಗೆ ಅಧ್ಯಾಯ, ಕಥಾಸಂಕಲನಕ್ಕೆ ಕಥೆ, ಕಾವ್ಯಕ್ಕೆ ಸಂಧಿ ಮತ್ತು ಪದ್ಯಸಂಖ್ಯೆ. ಅದರ ಜೊತೆಗೆ ಯಾವ ಮುದ್ರಣ ಎಂಬುದನ್ನು ಒಂದು ಸಲ ನಮೂದಿಸಿದರೆ ಸಾಕು. ಪುಸ್ತಕವನ್ನು ಗುರುತಿಸಲು ಕೊಡುವ, 2007ರಿಂದ 13 ಅಂಕಿಗಳಾಗಿರುವ ಐಎಸ್‌ಬಿಎನ್ ಸಂಖ್ಯೆ ಪ್ರತಿ ಆವೃತ್ತಿಗೂ ಬೇರೆಯಾಗಿರುವುದರಿಂದ ಹೊಸ ಪುಸ್ತಕಗಳಿಗೆ ಅದನ್ನೇ ಬರೆಯುತ್ತೇವೆ. ಹಳೆಯ ಪುಸ್ತಕಗಳಲ್ಲಿ ಆ ಸಂಖ್ಯೆಯೇ ಇರುವುದಿಲ್ಲವಾದ್ದರಿಂದ ಪ್ರಕಾಶಕರು ಮತ್ತು ಮುದ್ರಣದ ವರ್ಷ ಕೊಡುತ್ತೇವೆ.

ದಾಖಲೆಯಲ್ಲಿ ಅತಿ ಹೆಚ್ಚು ಟಿಪ್ಪಣಿಗಳು ಸೇರಿರುವುದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗೆ. 1967ರಲ್ಲಿ ಪ್ರಕಟವಾದ ಈ ಬೃಹತ್ ಕೃತಿಯನ್ನು ಬಳಗದ ಮೂವರು ಬೇರೆಬೇರೆ ವೇಗದಲ್ಲಿ ಓದುತ್ತಿದ್ದಾರೆ. ಆರಂಭದ ಟಿಪ್ಪಣಿಗಳೆಲ್ಲ ನಾಯಿಗುತ್ತಿಯ ಬಗ್ಗೆ, ಅವನ ಜೊತೆಗಿರುವ ಹುಲಿಯನೆಂಬ ನಾಯಿಯ ಬಗ್ಗೆ. ಓದುಗರು ಅವನನ್ನೇ ಕಥಾನಾಯಕನೆಂದು ಭಾವಿಸಿ ಮುಂದೆ ಸಾಗುತ್ತಿರುವುದು ಆ ಸಾಲುಗಳಲ್ಲಿ ಸ್ಪಷ್ಟವಾಗಿದೆ. ಕೆಲವು ಅಧ್ಯಾಯಗಳಾದ ಮೇಲೆ ಬರೆದವುಗಳಲ್ಲಿ ಐತ ಮತ್ತು ಪೀಂಚಲು ಮುಂದೆ ಬಂದಿದ್ದಾರೆ, ಆಮೇಲೆ ಮುಕುಂದಯ್ಯ ಮತ್ತು ಚಿನ್ನಮ್ಮ. ಒಬ್ಬ ಓದುಗರು ಒಂದು ಹಂತದಲ್ಲಿ, ಗುತ್ತಿ ಎಲ್ಲಿ ಹೋದ, ಅವನಿಗಾಗಿ ಕಾಯುತ್ತಿದ್ದೇನೆ ಎಂದು ಬರೆದರು. ಸ್ವಲ್ಪ ಮುಂದೆ ಹೋದ ಮೇಲೆ, ಕಾಯುವುದನ್ನು ಬಿಟ್ಟೆ, ಈಗ ಎದುರಿಗೆ ಬಂದವರೆಲ್ಲರನ್ನೂ ನೋಡುತ್ತಿದ್ದೇನೆ ಎಂದರು. ಕಾದಂಬರಿಯಲ್ಲಿ ಒಬ್ಬ ನಾಯಕನಿಲ್ಲ ಎಂಬುದು ಅದನ್ನು ಮುಗಿಸಿದವರೆಲ್ಲ ಒಂದೇ ವಾಕ್ಯದಲ್ಲಿ ಹೇಳಿಬಿಡುವ ಮಾತು. ಆದರೆ ಒಬ್ಬರ ಮೇಲೆ ನೆಟ್ಟಿದ್ದ ದೃಷ್ಟಿ ಮೆಲ್ಲಗೆ ಹಲವರ ಮೇಲೆ ಹರಡಿಕೊಳ್ಳುವ ಆ ಬದಲಾವಣೆ ಓದು ನಡೆಯುತ್ತಿರುವಾಗ ಮಾತ್ರ ಬರಹಕ್ಕೆ ಸಿಗುತ್ತದೆ. ಮುಗಿಸಿದ ಮೇಲೆ ಓದುಗನಿಗೆ ತಾನು ಮೊದಲು ಏನೆಂದುಕೊಂಡಿದ್ದೆ ಎಂಬುದೇ ಮರೆತಿರುತ್ತದೆ. ಈ ದಾಖಲೆಯನ್ನು ನಾನು ಇಷ್ಟು ಆಸಕ್ತಿಯಿಂದ ಬೆಳೆಸಲು ಮುಖ್ಯ ಕಾರಣ ಇದೇ.

ಮೂವರ ವೇಗ ಬೇರೆಯಾದ್ದರಿಂದ ಒಂದು ಕಟ್ಟುಪಾಡು ಅಗತ್ಯವಾಯಿತು. ಮುಂದಿರುವವರು ಹಿಂದಿರುವವರ ಟಿಪ್ಪಣಿಗೆ ಉತ್ತರಿಸುವಾಗ ಆ ಅಧ್ಯಾಯದವರೆಗಿನ ಸಂಗತಿಗಳನ್ನಷ್ಟೇ ಬಳಸಬೇಕು. ‘ಮುಂದೆ ನೋಡಿ’ ಎಂಬ ಸೂಚನೆಯನ್ನೂ ಕೊಡಬಾರದು, ಏಕೆಂದರೆ ಮುಂದೆ ಏನೋ ಇದೆ ಎಂದು ತಿಳಿದ ಓದುಗ ಪ್ರಸ್ತುತ ಪುಟವನ್ನು ಅವಸರದಿಂದ ದಾಟುತ್ತಾನೆ.

ಇದೇ ಕಟ್ಟುಪಾಡಿಗೆ ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ಯ ಮಟ್ಟಿಗೆ ಯಾವ ಕೆಲಸವೂ ಇಲ್ಲ. ನಾನು ಸದ್ಯ ಓದುತ್ತಿರುವುದು ಅದನ್ನೇ. ಆದಿಪರ್ವದಿಂದ ಗದಾಪರ್ವದವರೆಗೆ ಹತ್ತು ಪರ್ವಗಳಲ್ಲಿ ಹರಡಿರುವ, ಎಂಟು ಸಾವಿರಕ್ಕೂ ಹೆಚ್ಚು ಪದ್ಯಗಳ ಈ ಕಾವ್ಯದ ಕಥೆ ಓದುಗರಿಗೆ ಮೊದಲೇ ಗೊತ್ತಿರುವುದರಿಂದ ಇಲ್ಲಿ ಹಂಚಿಕೊಳ್ಳಬೇಕಾದದ್ದು ಕಥೆಯನ್ನಲ್ಲ, ಹೇಳುವ ಬಗೆಯನ್ನು. ಈ ಕಾವ್ಯದ ಛಂದಸ್ಸಾದ, ಆರು ಸಾಲುಗಳ ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ (ಉಚ್ಚಾರಣೆಯ ಕಾಲದ ಅಳತೆ) ಗಣಗಳು ಒಂದಾದ ಮೇಲೊಂದು ಬರುತ್ತವೆ. ಒಂದು, ಎರಡು, ನಾಲ್ಕು ಮತ್ತು ಐದನೆಯ ಸಾಲುಗಳಿಗೆ 14 ಮಾತ್ರೆಗಳಾದರೆ ಮೂರನೆಯ ಮತ್ತು ಆರನೆಯ ಸಾಲುಗಳು 23 ಮಾತ್ರೆಗಳವರೆಗೆ ಚಾಚಿ, ಕೊನೆಯ ಗುರುವಿನ (ಎರಡು ಮಾತ್ರೆಗಳ ಅಕ್ಷರ) ಮೇಲೆ ನಿಲ್ಲುತ್ತವೆ. ಮೌನವಾಗಿ ಓದುವಾಗ ಈ ನಿಲುಗಡೆಗಳು ಕಣ್ತಪ್ಪಿ ಹೋಗುತ್ತವೆ. ಗಟ್ಟಿಯಾಗಿ ಓದಿದಾಗ, ಕವಿ ಒಂದು ಮಾತನ್ನು ಮೂರನೆಯ ಸಾಲಿನ ಕೊನೆಗೆ ಮುಗಿಸುತ್ತಾನೋ ಅಥವಾ ಅಲ್ಲಿ ಉಸಿರು ಕಟ್ಟಿಸಿ ನಾಲ್ಕನೆಯ ಸಾಲಿಗೆ ದಾಟಿಸುತ್ತಾನೋ ಎಂಬುದು ಕಿವಿಗೆ ತಾನಾಗಿ ತಿಳಿಯುತ್ತದೆ. ಆದ್ದರಿಂದ ಈ ಕೃತಿಗೆ ಸಂಬಂಧಿಸಿದ ನನ್ನ ಟಿಪ್ಪಣಿಗಳಲ್ಲಿ ಅರ್ಧಕ್ಕೂ ಹೆಚ್ಚು ಧ್ವನಿಮುದ್ರಿಕೆಗಳೇ ಇವೆ: ಒಂದು ಪದ್ಯ, ಅದನ್ನು ಎಲ್ಲಿ ಬಿಡಿಸಿ ಓದಿದೆ ಎಂಬ ಒಂದು ಮಾತು. ಗಮಕ ಬಲ್ಲ ಹಿರಿಯರೊಬ್ಬರು ಅದೇ ಪದ್ಯವನ್ನು ತಮ್ಮ ರೀತಿಯಲ್ಲಿ ಬಿಡಿಸಿ ಹೇಳಿ ಕಳುಹಿಸುತ್ತಾರೆ. ಎರಡನ್ನೂ ಕೇಳಿದ ಮೇಲೆ ಮತ್ತೊಮ್ಮೆ ಓದಿಯೇ ಮುಂದಿನ ಪದ್ಯಕ್ಕೆ ಹೋಗುತ್ತೇನೆ. ಓದು ನಿಧಾನವಾಗಿದೆ, ಆ ನಿಧಾನ ನನಗೆ ಬೇಕಾಗಿದೆ.

‘ವಡ್ಡಾರಾಧನೆ’ಯನ್ನು ಒಬ್ಬರು ಮಾತ್ರ ಓದುತ್ತಿದ್ದಾರೆ. ಹತ್ತೊಂಬತ್ತು ಕಥೆಗಳ ಈ ಹಳಗನ್ನಡ ಗದ್ಯಕೃತಿಯಲ್ಲಿ ಪ್ರತಿ ಕಥೆಯ ಮೊದಲಿಗೆ ಒಂದು ಪ್ರಾಕೃತ ಗಾಹೆ, ಅಂದರೆ ಪದ್ಯ, ಇದ್ದು, ಅದರ ಅರ್ಥವನ್ನು ಹೇಳಿ ಕಥೆ ಆರಂಭವಾಗುತ್ತದೆ. ಕಥೆಯನ್ನೇ ಅಳತೆಯಾಗಿ ಇಟ್ಟುಕೊಳ್ಳುವ ನಮ್ಮ ಕ್ರಮ ಇಲ್ಲಿ ಮೊದಲ ಕಥೆಯಲ್ಲಿಯೇ ಸಾಲದಾಯಿತು. ಸುಕುಮಾರಸ್ವಾಮಿಯ ಕಥೆಯೊಳಗೆ ಅವನ ಹಿಂದಿನ ಜನ್ಮಗಳ ಕಥೆಗಳು ಒಂದರೊಳಗೊಂದು ಸೇರಿಕೊಂಡಿರುವುದರಿಂದ, ಈಗ ಯಾವ ಭವದಲ್ಲಿದ್ದೇನೆ ಎಂದು ಬರೆಯುವ ಪದ್ಧತಿಯನ್ನು ಆ ಓದುಗರೇ ರೂಢಿಸಿಕೊಂಡರು. ಕೃತಿಯೊಂದು ತನಗೆ ಬೇಕಾದ ಅಳತೆಯನ್ನು ತಾನೇ ಕೇಳಿ ಪಡೆದಂತಾಯಿತೆಂದು ನನಗೆ ಬಹಳ ಸಂತೋಷವಾಯಿತು.

ಬದಿಗಿಟ್ಟ ಪುಸ್ತಕಗಳಿಗೂ ಒಂದು ಅಂಕಣವಿದೆ. ಎಲ್ಲಿ ನಿಲ್ಲಿಸಿದೆವು, ಏಕೆ ಎಂದು ಒಂದು ಸಾಲು ಬರೆದರೆ ಸಾಕು. ಪುಸ್ತಕ ಚೆನ್ನಾಗಿಲ್ಲವೆಂದು ನಿಲ್ಲಿಸಿದವರಿಗಿಂತ, ಅದನ್ನು ಓದುವ ಮನಃಸ್ಥಿತಿ ಈಗಿಲ್ಲವೆಂದು ನಿಲ್ಲಿಸಿದವರೇ ಹೆಚ್ಚು. ಬೇರೊಬ್ಬರ ಟಿಪ್ಪಣಿ ಓದಿ ಅಲ್ಲಿಂದಲೇ ಮುಂದುವರಿಸಿದವರೂ ಇದ್ದಾರೆ.

ವರ್ಷಕ್ಕೆ ಇಷ್ಟು ಪುಸ್ತಕ ಎಂಬ ಗುರಿ ಇಡೋಣವೆಂಬ ಸಲಹೆ ಎರಡು ಸಲ ಬಂದಿತ್ತು. ನಾನು ಒಪ್ಪಲಿಲ್ಲ. ಸಂಖ್ಯೆಯೇ ಗುರಿಯಾದಾಗ ತೆಳ್ಳಗಿನ ಪುಸ್ತಕದ ಕಡೆಗೆ ಕೈ ಹೋಗುವುದು ಸಹಜ. ಕುಮಾರವ್ಯಾಸನನ್ನು ಓದುವವರು ವರ್ಷವಿಡೀ ಒಂದನ್ನೂ ಮುಗಿಸದವರೆಂದು ಕಾಣಿಸಿಕೊಳ್ಳುತ್ತಾರೆ.

ಸದ್ಯ ನಾನು ವಿರಾಟಪರ್ವದ ಕೊನೆಯ ಸಂಧಿಗಳಲ್ಲಿದ್ದೇನೆ. ಮುಂದಿನದು ಉದ್ಯೋಗಪರ್ವ, ಕೃಷ್ಣನು ಕರ್ಣನಿಗೆ ಅವನ ಹುಟ್ಟಿನ ರಹಸ್ಯವನ್ನು ತಿಳಿಸುವ ಪ್ರಸಂಗ ಅಲ್ಲಿಯೇ ಇರುವುದರಿಂದ ಆ ಪದ್ಯಗಳನ್ನು ಇಬ್ಬರು ಮೂವರು ಸರದಿಯಂತೆ ಗಟ್ಟಿಯಾಗಿ ಓದಿ ದಾಖಲೆಗೆ ಸೇರಿಸಬೇಕೆಂದಿದ್ದೇವೆ. ಈ ಪರ್ವವನ್ನು ಈಗ ಓದುತ್ತಿರುವವರು ಯಾರಾದರೂ ಇದ್ದರೆ, ನಿಮ್ಮ ಕೈಯಲ್ಲಿರುವ ಮುದ್ರಣ ಯಾವುದು, ಯಾವ ಸಂಧಿಯವರೆಗೆ ಬಂದಿದ್ದೀರಿ ಎಂಬುದನ್ನು ದಯವಿಟ್ಟು ತಿಳಿಸಿ. ಪದ್ಯಸಂಖ್ಯೆಗಳನ್ನು ಹೊಂದಿಸಿಕೊಂಡು ಒಟ್ಟಿಗೆ ಆರಂಭಿಸಬಹುದು.