ಸೈಲೆನ್ಸರ್ ಸೌಂಡನ್ನ ಅಂಗಡಿ ಮುಂದೆ ಕೇಳಬೇಡಿ

ಬೆಂಗಳೂರಿನಲ್ಲಿ ಬೈಕ್ ಆಕ್ಸೆಸರೀಸ್ ಅಂಗಡಿಯೊಂದರಲ್ಲಿ ಫಿಟ್ಟಿಂಗ್ ಕೆಲಸ ನನ್ನದು. ಕ್ರ್ಯಾಶ್ ಗಾರ್ಡಿಗೋ ಫಾಗ್ ಲ್ಯಾಂಪಿಗೋ ಬಂದವರು ರೇಟ್ ಕೇಳಿ, ಸ್ವಲ್ಪ ಚೌಕಾಸಿ ಮಾಡಿ, ಹಾಕಿಸಿಕೊಂಡು ಹೋಗ್ತಾರೆ. ಸೈಲೆನ್ಸರಿಗೆ ಬಂದವರದ್ದು ಹಾಗಲ್ಲ. ಮೊಬೈಲ್ ಮುಂದೆ ಹಿಡಿದು, ಫುಲ್ ವಾಲ್ಯೂಮ್ ಇಟ್ಟು, "ಅಣ್ಣ, ಇದೇ ಸೌಂಡ್ ಬರ್ಬೇಕು" ಅಂತಾರೆ.

ಆ ವಿಡಿಯೋದಲ್ಲಿ ಕೇಳೋದನ್ನ ನಂಬೋ ಹಾಗಿಲ್ಲ. ಸದ್ದು ಜೋರಾದ ಕೂಡಲೇ ಮೊಬೈಲಿನ ಮೈಕ್ ತಾನಾಗೇ ತಗ್ಗಿಸಿಕೊಳ್ಳುತ್ತೆ, ಕಮ್ಮಿಯಾದರೆ ಏರಿಸುತ್ತೆ. ಮೆತ್ತಗಿನ ಸೈಲೆನ್ಸರೂ ಕಿವಿ ಹರಿಯೋ ಸೈಲೆನ್ಸರೂ ಅದರಲ್ಲಿ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಕೇಳಿಸ್ತವೆ. ಜೊತೆಗೆ, ಎದೆಗೆ ಬಡಿಯೋ ಆ ದಪ್ಪ ಸದ್ದನ್ನ ಅಷ್ಟು ಚಿಕ್ಕ ಸ್ಪೀಕರ್ ಕೊಡೋಕೇ ಆಗಲ್ಲ. ನೀವು ಕೇಳ್ತಿರೋದು ಮೇಲಿನ ಕರಕರ ಮಾತ್ರ.

ಸರಿ, ವಿಡಿಯೋ ಬಿಡಿ, ಎದುರಿಗೇ ಹಾಕಿ ತೋರಿಸಿ ಅಂತಾರೆ. ಇಲ್ಲಿಂದ ನಿಜವಾದ ತೊಂದರೆ ಶುರು. ಗಾಡಿ ಸೈಡ್ ಸ್ಟ್ಯಾಂಡಲ್ಲಿ ನಿಂತಿರುತ್ತೆ, ಸ್ಟಾರ್ಟ್ ಮಾಡ್ತಾರೆ, ಐಡ್ಲಿಂಗಲ್ಲಿ ಡುಗ್ ಡುಗ್ ಕೇಳ್ತಾರೆ, ನ್ಯೂಟ್ರಲಲ್ಲೇ ಎರಡು ಸಲ ಆಕ್ಸಿಲರೇಟರ್ ಕೊಡ್ತಾರೆ, "ಇದೇ ಇರ್ಲಿ" ಅಂತಾರೆ. ಸುತ್ತ ಗೋಡೆ, ಮೇಲೆ ಶೀಟು, ಪಕ್ಕದಲ್ಲಿ ಅರ್ಧ ಎಳೆದ ಶಟರು. ಅಂಗಡಿಯೇ ಅರ್ಧ ಸೌಂಡ್ ಕೊಡ್ತಿರುತ್ತೆ.

ಲೆಕ್ಕ ನೋಡಿ. ಕ್ಲಾಸಿಕ್ 350 ಥರದ ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಫೈರ್ ಆಗುತ್ತೆ, ಅಂದ್ರೆ ಒಳಗೆ ಪೆಟ್ರೋಲ್ ಹೊತ್ತಿ ಒಂದು ಏಟು ಬೀಳುತ್ತೆ. ಐಡ್ಲಿಂಗ್ 1000 ಆರ್‌ಪಿಎಂ ಆಸುಪಾಸು, ಅಂದ್ರೆ ನಿಮಿಷಕ್ಕೆ ಸಾವಿರ ಸುತ್ತು, ಸೆಕೆಂಡಿಗೆ ಎಂಟು ಏಟು. ಅದನ್ನ ಕಿವಿ ಬಿಡಿಬಿಡಿಯಾಗಿ ಹಿಡಿಯುತ್ತೆ, ಅದೇ ಡುಗ್ ಡುಗ್. ಓಡೋವಾಗ 3600 ಆರ್‌ಪಿಎಂ ಇದ್ರೆ ಸೆಕೆಂಡಿಗೆ 30 ಏಟು. ಸುಮಾರು 20 ದಾಟಿದ ಮೇಲೆ ಏಟು ಬೇರೆ ಬೇರೆ ಕೇಳಲ್ಲ, ಎಲ್ಲಾ ಕೂಡಿ ಒಂದು ಗುಂಯ್ ಆಗುತ್ತೆ. ಸೀಲಿಂಗ್ ಫ್ಯಾನ್ ಒಂದರಲ್ಲಿದ್ದಾಗ ರೆಕ್ಕೆ ಎಣಿಸಬಹುದು, ಐದಕ್ಕೆ ಇಟ್ಟರೆ ಬರೀ ಬಿಲ್ಲೆ ಕಾಣುತ್ತಲ್ಲ, ಹಾಗೆ. ಅಂದ್ರೆ ಗಿರಾಕಿ ದುಡ್ಡು ಕೊಟ್ಟು ತಗೊಂಡ ಡುಗ್ ಡುಗ್ ಅವನಿಗೆ ಸಿಗೋದು ಸಿಗ್ನಲಲ್ಲಿ ಮಾತ್ರ. ಮಿಕ್ಕ ದಾರಿಯೆಲ್ಲ ಆ ಗುಂಯ್ ಜೊತೆಗೇ ಸಂಸಾರ.

ಹಾಗಾಗಿ ನಾವೀಗ ಬೇರೆ ಥರ ಮಾಡ್ತೀವಿ. ಸ್ಲಿಪ್ ಆನ್ (ಪೈಪಿನ ಹಿಂಭಾಗ ಮಾತ್ರ ಬದಲಾಯಿಸೋ ಸೈಲೆನ್ಸರ್) ಆದ್ರೆ ಕ್ಲ್ಯಾಂಪು, ಬೋಲ್ಟು ಅಷ್ಟೇ, ಬದಲಾಯಿಸೋಕೆ ಹೊತ್ತು ಬೇಕಿಲ್ಲ. ಹಾಕಿಕೊಟ್ಟು, ಹೆಲ್ಮೆಟ್ ತೊಡಿಸಿ, ಸರ್ವಿಸ್ ರೋಡಲ್ಲಿ ಓಡಿಸಿಕೊಂಡು ಬನ್ನಿ ಅಂತೀವಿ. ಟಾಪ್ ಗೇರಲ್ಲಿ ಆಕ್ಸಿಲರೇಟರ್ ಒಂದೇ ಸಮ ಹಿಡಿದು ಹೋಗಿ, ಏರಿಸಬೇಡಿ, ಇಳಿಸಬೇಡಿ. ಆಗ ತಲೆಯೊಳಗೆ ಏನು ಕೇಳುತ್ತೆ ಅದೇ ನಿಮ್ಮ ಸೈಲೆನ್ಸರ್. ಆಮೇಲೆ ಫ್ರೆಂಡ್ ಕೈಗೆ ಗಾಡಿ ಕೊಟ್ಟು ರಸ್ತೆ ಪಕ್ಕ ನಿಂತು ಕೇಳಿ. ಪೈಪಿನ ಬಾಯಿ ಹಿಂದಕ್ಕಿರೋದರಿಂದ ಓಡಿಸೋನಿಗೊಂದು ಸೌಂಡು, ಹಿಂದಿರೋನಿಗೇ ಇನ್ನೊಂದು. ಸ್ಪೀಡ್ ಹೆಚ್ಚಿದ ಮೇಲಂತೂ ಹೆಲ್ಮೆಟ್ಟಿಗೆ ಬಡಿಯೋ ಗಾಳಿ ಸದ್ದೇ ಮುಂದೆ. ಈ ಸುತ್ತು ಹೋಗಿ ಬಂದವರಲ್ಲಿ ಸುಮಾರು ಜನ ಮೊದಲು ತೋರಿಸಿದ್ದು ಬಿಟ್ಟು, ಅದಕ್ಕಿಂತ ಮೆತ್ತಗಿರೋದನ್ನ ಕೇಳ್ತಾರೆ. ಚಿಕ್ಕಮಗಳೂರಿಗೆ ಹೋಗಿ ಬಂದು "ತಲೆ ಸಿಡೀತಿದೆ, ಹಳೇದೇ ಹಾಕ್ಕೊಡಿ" ಅನ್ನೋದಕ್ಕಿಂತ ಇದು ವಾಸಿ.

ಕೋಲ್ಡ್ ಸ್ಟಾರ್ಟ್ ಯಾರೂ ಕೇಳಿಸಿಕೊಳ್ಳಲ್ಲ. ಫ್ಯೂಯಲ್ ಇಂಜೆಕ್ಷನ್ ಗಾಡಿ ತಣ್ಣಗಿದ್ದಾಗ ತಾನೇ ಐಡ್ಲಿಂಗ್ ಏರಿಸಿಕೊಂಡು ಓಡುತ್ತೆ. ಬೆಳಿಗ್ಗೆ ಐದೂವರೆಗೆ, ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ. ಮೇಲಿನ ಮನೆಯವರಿಗೆ ಪರಿಚಯ ಆಗೋದೇ ಈ ಸೌಂಡಿಂದ.

"ಹಳೇ ಬುಲೆಟ್ ಸೌಂಡ್ ಬೇಕು" ಅನ್ನೋರು ಒಂದು ಬೇರೆ ಪಂಗಡ. ಆ ಸೌಂಡ್ ಬರೀ ಪೈಪಿಂದ ಬಂದಿದ್ದಲ್ಲ. ಕಾಸ್ಟ್ ಐರನ್ ಎಂಜಿನ್, ಭಾರದ ಫ್ಲೈವೀಲ್, ಕಾರ್ಬ್ಯುರೇಟರು, ಬೇಕಾದಷ್ಟು ಇಳಿಸಬಹುದಾದ ಐಡ್ಲಿಂಗು, ಎಲ್ಲಾ ಸೇರಿ ಆಗಿದ್ದು. ಹೊಸ ಗಾಡಿಯ ಐಡ್ಲಿಂಗ್ ಇಸಿಯು ಅನ್ನೋ ಪುಟ್ಟ ಕಂಪ್ಯೂಟರಿನ ಕೈಲಿದೆ. ಹಾಗೇ ಒಂದು ಸಿಲಿಂಡರಿನ ಗಾಡಿಗೆ ಇಂಟರ್‌ಸೆಪ್ಟರ್ ಸೌಂಡ್ ಕೇಳೋರಿದ್ದಾರೆ. ಅದರಲ್ಲಿ ಎರಡು ಸಿಲಿಂಡರು, 270 ಡಿಗ್ರಿ ಕ್ರ್ಯಾಂಕು, ಅಂದ್ರೆ ಪಿಸ್ಟನ್ನುಗಳು ತಿರುಗಿಸೋ ದಂಡ. ಒಂದು ಏಟಿಗೂ ಮುಂದಿನದಕ್ಕೂ 270 ಡಿಗ್ರಿ, ಅದರ ಮುಂದಿನದಕ್ಕೆ 450. ಆ ಕುಂಟು ತಾಳ ಎಂಜಿನ್ನಿಂದು, ಸೈಲೆನ್ಸರಿಂದಲ್ಲ. ಇನ್ನು ಆರ್‌ಎಕ್ಸ್ 100, ಮೈಸೂರಿನ ಯೆಜ್ಡಿ ಇಟ್ಟುಕೊಂಡವರಿಗೆ ಕೈ ಮುಗಿದು ಹೇಳ್ತೀನಿ: ಟೂ ಸ್ಟ್ರೋಕಲ್ಲಿ ಸೈಲೆನ್ಸರೂ ಎಂಜಿನ್ನಿನ ಒಂದು ಭಾಗ. ಪೈಪಲ್ಲಿ ವಾಪಸ್ ಬರೋ ಒತ್ತಡದ ಅಲೆಯೇ ಹೊರಗೆ ಹೋಗ್ತಿರೋ ಹೊಸ ಪೆಟ್ರೋಲ್ ಗಾಳಿಯನ್ನ ಒಳಕ್ಕೆ ತಳ್ಳೋದು. ಒಳಗಿನ ಅಳತೆ ಕೆಡಿಸಿದ್ರೆ ಸದ್ದು ಬರುತ್ತೆ, ಪಿಕಪ್ ಹೋಗುತ್ತೆ.

ಗ್ಲಾಸ್ ವೂಲ್ ಇರೋ ಸೈಲೆನ್ಸರ್ ಆದ್ರೆ ಇನ್ನೊಂದು ವಿಷಯ. ಇವತ್ತು ಕೇಳಿದ ಸೌಂಡ್ ಹಾಗೇ ಉಳಿಯಲ್ಲ. ತೂತಿನ ಪೈಪಿಗೆ ಸುತ್ತಿರೋ ವೂಲು ಬಿಸಿಗೆ ಸವೆದು ಹಾರಿಹೋಗ್ತಾ ಬರುತ್ತೆ, ಸದ್ದು ಜೋರಾಗ್ತಾ, ಒಡಕಾಗ್ತಾ ಹೋಗುತ್ತೆ. ಆಗ ಬಿಚ್ಚಿ ಮತ್ತೆ ತುಂಬಬೇಕು. ಎಂಜಿನ್ನಿಂದ ಸೈಲೆನ್ಸರಿಗೆ ಬರೋ ಬೆಂಡ್ ಪೈಪ್ ಬಿಚ್ಚಿದಾಗ, ಅದು ಎಂಜಿನ್ ಹೆಡ್ಡಿಗೆ ಸೇರೋ ಕಡೆಯ ಪ್ಯಾಕಿಂಗ್ ಹೊಸದು ಹಾಕಿಸಿ. ಅದು ಒಮ್ಮೆ ಅದುಮಿ ಕೂತಿದ್ದು, ಎರಡನೇ ಸಲ ಸರಿಯಾಗಿ ಹಿಡಿಯಲ್ಲ. ಲೀಕ್ ಆದ್ರೆ ಚಟ್ ಚಟ್ ಅಂತ ಸದ್ದು, ಆಕ್ಸಿಲರೇಟರ್ ಬಿಟ್ಟಾಗ ಪಟಾಕಿ. ಪೈಪ್ ಸೇರೋ ಪೋರ್ಟ್ ಸುತ್ತ ಕಪ್ಪು ಮಸಿ ಕಂಡ್ರೆ ಅದೇ. ಈ ಪಟಾಕಿಯನ್ನ ಸೌಂಡ್ ಸೂಪರ್ ಅಂತ ಹೊಗಳೋರೂ ಇದ್ದಾರೆ, ಏನು ಮಾಡೋಣ.

ಕಾನೂನಿನ ಮಾತು ಬಂದಾಗ ಮೊಬೈಲ್ ಆ್ಯಪ್ ತೆಗೆದು ಪೈಪಿನ ಬಾಯಿಗೆ ಹಿಡೀತಾರೆ. 175 ಸಿಸಿ ಮೇಲ್ಪಟ್ಟ ಬೈಕಿಗೆ ಮಿತಿ 80 ಡೆಸಿಬೆಲ್, ಆದರೆ ಅದನ್ನ ಅಳೆಯೋದು ಓಡೋ ಗಾಡಿಯಿಂದ ಏಳೂವರೆ ಮೀಟರ್ ದೂರದಲ್ಲಿ ಮೈಕ್ ಇಟ್ಟು. ಆ್ಯಪಿನ ಅಂಕಿಗೂ ಅದಕ್ಕೂ ಸಂಬಂಧ ಇಲ್ಲ. ರಸ್ತೆಯಲ್ಲಿ ಪೊಲೀಸರು ಹಿಡಿದ್ರೆ ಮೋಟಾರು ವಾಹನ ಕಾಯ್ದೆಯ 190(2) ಸೆಕ್ಷನ್. 2019ರ ತಿದ್ದುಪಡಿ ಆದಮೇಲೆ ದಂಡ 10,000 ರೂಪಾಯಿವರೆಗೆ, ಮೂರು ತಿಂಗಳು ಲೈಸೆನ್ಸೂ ಹೋಗಬಹುದು. ಕಿತ್ತ ಸೈಲೆನ್ಸರುಗಳನ್ನ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸೋ ಫೋಟೋ ನೀವೂ ನೋಡಿರ್ತೀರಿ. ಡಿಬಿ ಕಿಲ್ಲರ್ (ಪೈಪಿನ ಬಾಯಲ್ಲಿ ಸದ್ದು ತಗ್ಗಿಸೋ ತುಂಡು) ತೆಗೆದುಕೊಡಿ ಅಂದ್ರೆ ನಾನು ಕೈ ಹಾಕಲ್ಲ. ಗಿರಾಕಿ ಪಕ್ಕದಂಗಡಿಗೆ ಹೋದ್ರೆ ಹೋಗ್ಲಿ.

ಬಿಚ್ಚಿದ ಕಂಪನಿ ಸೈಲೆನ್ಸರನ್ನ ಮಾತ್ರ ಗುಜರಿಗೆ ಹಾಕಬೇಡಿ. ಕೆಲವು ಗಾಡಿಯಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಬೆಂಡ್ ಪೈಪಲ್ಲಿರುತ್ತೆ, ಕೆಲವಲ್ಲಿ ಸೈಲೆನ್ಸರ್ ಒಳಗೇ. ಒಳಗಿರೋದು ಪ್ಲಾಟಿನಂ ಜಾತಿಯ ಲೋಹ, ಗುಜರಿಯವನಿಗೆ ಅದು ಚೆನ್ನಾಗಿ ಗೊತ್ತು, ಅದಕ್ಕೇ ಅಷ್ಟು ಆಸೆಯಿಂದ ಕೇಳೋದು. ಒಣಗಿಸಿ, ಎರಡೂ ಬಾಯಿಗೆ ಬಟ್ಟೆ ತುರುಕಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ. ಗಾಡಿ ಮಾರೋ ದಿನ ತಗೊಳ್ಳೋನು ಮೊದಲು ಕೇಳೋದೇ ಅದನ್ನ.